ಕೊಡೋದಕ್ಕಾ, ಹೊಲಿಸೋದಕ್ಕಾ?

ನಮ್ಮನೆ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಕವರ್ ಇದೆ. ಅದರ ತುಂಬ ರವಿಕೆ ಕಣಗಳು. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಎಲೆ ಅಡಿಕೆ ಜೊತೆ ಕೊಟ್ಟಿದ್ದು. ಮನೆಗೆ ಯಾರಾದರೂ ಬಂದರೆ ಅದರಿಂದಲೇ ಒಂದು ತೆಗೆದು ನಾನೂ ಕೊಡುತ್ತೇನೆ. ಒಮ್ಮೆಯಂತೂ ನಾನೇ ಕೊಟ್ಟಿದ್ದ ಗಿಳಿಹಸಿರು ಕಣ ಎರಡು ವರ್ಷ ಊರೆಲ್ಲ ಸುತ್ತಿ ನನಗೇ ವಾಪಸ್ ಬಂತು. ಮೂಲೆಯಲ್ಲಿದ್ದ ಕುಂಕುಮದ ಕಲೆಯಿಂದ ಗುರುತು ಸಿಕ್ಕಿತು :)

ಇದನ್ನೆಲ್ಲ ಬರೀ ತಮಾಷೆ ಅಂದುಕೊಂಡಿದ್ದೆ.

ಈ ಸಲ ಗೌರಿ ಹಬ್ಬಕ್ಕೆ ನಮ್ಮನೆ ಕೆಲಸಕ್ಕೆ ಬರುವವರಿಗೂ ಅದೇ ಕವರಿನಿಂದ ಒಂದು ಕೆಂಪು ಕಣ ಕೊಟ್ಟೆ. ಮೊನ್ನೆ ಪಾತ್ರೆ ತೊಳೆಯುತ್ತಾ ಮೆಲ್ಲಗೆ ಹೇಳಿದರು. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಲೈನಿಂಗ್ ತಗೊಂಡು ಟೈಲರ್ ಹತ್ರ ಹೋಗಿದ್ದೆ. ತೋಳಿಗೆ ಬಟ್ಟೆ ಸಾಲಲ್ಲ, ಹೊಲಿದ್ರೂ ಕಂಕುಳಲ್ಲಿ ಹರಿದುಹೋಗುತ್ತೆ ಅಂದ್ರು."

ಲೈನಿಂಗಿನ ದುಡ್ಡು ದಂಡ. ಅದನ್ನು ಅವರು ಹೇಳಲಿಲ್ಲ, ನನಗೇ ಹೊಳೆಯಿತು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಶನಿವಾರ ಅವರ ಸೀರೆಯನ್ನೇ ಕೇಳಿ ತಗೊಂಡು ಮಲ್ಲೇಶ್ವರದ 8ನೇ ಕ್ರಾಸಿಗೆ ಹೋದೆ. ಮ್ಯಾಚಿಂಗ್ ಸೆಂಟರಿನಲ್ಲಿದ್ದ ಹಿರಿಯರು ಕೇಳಿದ ಮೊದಲ ಪ್ರಶ್ನೆ: "ಕೊಡೋದಕ್ಕಾ ಮೇಡಂ, ಹೊಲಿಸೋದಕ್ಕಾ?"

ಎರಡಕ್ಕೂ ಬೇರೆ ಬೇರೆ ಕಟ್ಟುಗಳಂತೆ! ಕೊಡುವ ಕಟ್ಟು ಬಾಗಿಲ ಹತ್ತಿರವೇ ಇತ್ತು.

"ಹೊಲಿಸೋದಕ್ಕೆ, ಟೂ ಬೈ ಟೂ ಕೊಡಿ" ಅಂದೆ. ಇಷ್ಟು ವರ್ಷ ಅದನ್ನೇನೋ ಅಳತೆ ಅಂದುಕೊಂಡಿದ್ದೆ. ಕೇಳಿದ್ದಕ್ಕೆ ಅವರು ಅಂಚಿನಿಂದ ಒಂದು ನೂಲು ಎಳೆದು, ಬೆರಳಲ್ಲಿ ತಿರುವಿ ಬಿಡಿಸಿದರು. ಎರಡು ಎಳೆ! ಹಾಸಿಗೂ ಎರಡೆಳೆ ಹುರಿ ಮಾಡಿದ ನೂಲು, ಹೊಕ್ಕಿಗೂ ಎರಡೆಳೆ ನೂಲು, ಅದೇ ಟೂ ಬೈ ಟೂ. ಹೊಕ್ಕಿಗೆ ಒಂದೇ ಎಳೆಯಾದರೆ ಟೂ ಬೈ ಒನ್. 'ಹಾಸುಹೊಕ್ಕು' ಅಂತ ನೂರು ಸಲ ಬರೆದಿದ್ದೇನೆ, ಕಣ್ಣಾರೆ ನೋಡಿದ್ದು ಅವತ್ತೇ.

ಆಮೇಲೆ ಬಟ್ಟೆಯನ್ನೂ ಸೀರೆಯನ್ನೂ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರು. ಟ್ಯೂಬ್‌ಲೈಟಿನಲ್ಲಿ ಹೊಂದಿದ ಬಣ್ಣ ಹೊರಗೆ ಹೊಂದಲಿಲ್ಲ, ಬೇರೆ ಥಾನು ಇಳಿಸಿದರು. ಪನ್ನ 36 ಇಂಚು. ತೆಳ್ಳಗಿರುವವರಿಗೆ 80 ಸೆಂಟಿಮೀಟರ್ ಆದೀತು, ಮೊಣಕೈವರೆಗೆ ತೋಳು ಬೇಕಾದರೆ 1 ಮೀಟರ್ ತಗೊಳ್ಳಿ ಅಂದರು. ಕಾಟನ್ ಲೈನಿಂಗನ್ನು ನೀರಲ್ಲಿ ನೆನೆಸಿ ಒಣಗಿಸದೆ ಹೊಲಿಸಿದರೆ, ಒಗೆದ ಮೇಲೆ ಅದು ಕುಗ್ಗಿ ಮೇಲಿನ ಬಟ್ಟೆ ಮುದುರುತ್ತದಂತೆ.

ಬಸ್ಸಲ್ಲಿ ಬರುವಾಗ ಆ 'ಕೊಡೋ ಕಟ್ಟು' ತಲೆ ಕೊರೆಯುತ್ತಲೇ ಇತ್ತು. ಅಂಗಡಿಯವರನ್ನು ಬೈದು ಏನುಪಯೋಗ? ನಾವು ಕೇಳಿದ್ದಕ್ಕೇ ಅವರು ಇಟ್ಟಿದ್ದಾರೆ. ಗುಳೇದಗುಡ್ಡದ ಖಣ ನೇಯುವುದೇ ಕುಪ್ಪಸಕ್ಕೆ. ಉತ್ತರ ಕರ್ನಾಟಕದಲ್ಲಿ ಉಡಿ ತುಂಬುವಾಗ ಖಣ ಇಡುವುದು ತಗೊಂಡವಳು ಹೊಲಿಸಿ ತೊಡಲಿ ಅಂತ ತಾನೇ? ನಮ್ಮ ಬಾಗಿನದ ಕಣವೂ ಹಾಗೇ ಶುರುವಾಗಿದ್ದಿರಬೇಕು. ನಾವು ತೊಡುವುದನ್ನು ಬಿಟ್ಟು ದಾಟಿಸುವುದನ್ನು ಮಾತ್ರ ಉಳಿಸಿಕೊಂಡೆವು.

ಹಬ್ಬಕ್ಕೆ ಮೂವತ್ತು ಜನ ಬಂದರೆ ಎಲ್ಲರಿಗೂ ಒಳ್ಳೆಯ ಕಣ ಕೊಡುವುದು ಕಷ್ಟ, ನಿಜ. ಹಾಗಿದ್ದರೆ ಎಲೆ ಅಡಿಕೆ, ಎರಡು ಬಾಳೆಹಣ್ಣು ಕೊಟ್ಟರಾಯಿತು, ಅದೇನು ಕಡಿಮೆ ಮರ್ಯಾದೆಯೇ? ನಾವು ತೊಡದೇ ಇರುವುದನ್ನು ಇನ್ನೊಬ್ಬರ ಮಡಿಲಿಗೆ ಹಾಕುವುದಕ್ಕಿಂತ ವಾಸಿ. ನಮಗೆ ಬಂದರೆ ಕವರಿಗೆ ಹೋಗುವ ಕಣವನ್ನು, ಆಸೆಯಿಂದ ಟೈಲರ್ ಹತ್ರ ಒಯ್ಯುವವರೂ ಇದ್ದಾರೆ.

ಸೋಮವಾರ ಹೊಸ ಬಟ್ಟೆ ಕೊಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಇದು ಹೊಲಿಸೋದು" ಅಂದರು. ಅಷ್ಟೇ.

ಕವರ್ ಈಗ ಖಾಲಿ ಮಾಡಬೇಕು. ಕೌದಿ ಹೊಲಿಸೋಣ ಅಂತಿದ್ದೇನೆ, ನಿಮಗೆ ಬೇರೆ ಉಪಾಯ ಗೊತ್ತಿದ್ದರೆ ಹೇಳಿ. ಆ ಗಿಳಿಹಸಿರು ಕಣವಂತೂ ಇನ್ನು ನಮ್ಮನೆ ಹೊಸಿಲು ದಾಟಲ್ಲ :)