ಮೇಲ್ ‘ಓಪನ್’ ಆಗಿದೆ ಎಂದರೆ ಓದಿದ್ದಾರೆ ಎಂದರ್ಥವೇ?

ಹೊಸ ನಿಯಮ, ಸುರಕ್ಷತಾ ಸೂಚನೆಗಳನ್ನು ನೌಕರರಿಗೆ ತಿಳಿಸಲೆಂದೇ ದೊಡ್ಡ ಕಂಪನಿಗಳಲ್ಲಿ ಒಂದು ತಂಡ ಇರುತ್ತದೆ. ‘ಎಷ್ಟು ಜನ ಓದಿದರು?’ ಎಂದು ಮೇಲಿನವರು ಕೇಳಿದಾಗ ಆ ತಂಡ ಸಾಮಾನ್ಯವಾಗಿ ತೋರಿಸುವುದು ‘ಓಪನ್ ರೇಟ್’.

ಈ ಲೆಕ್ಕ ಸಿಗುವುದು ಮೇಲ್‌ನಲ್ಲಿ ಅಡಗಿಸಿಟ್ಟ, ಕಣ್ಣಿಗೆ ಕಾಣದಷ್ಟು ಪುಟ್ಟ ಚಿತ್ರದಿಂದ. ಮೇಲ್ ತೆರೆದಾಗ ಚಿತ್ರ ಸರ್ವರ್‌ನಿಂದ ಡೌನ್‌ಲೋಡ್ ಆಗುತ್ತದೆ, ಆಗ ‘ಓಪನ್’ ಎಂದು ದಾಖಲಾಗುತ್ತದೆ. ಆದರೆ 2021ರ ಸೆಪ್ಟೆಂಬರ್‌ನಲ್ಲಿ ಐಓಎಸ್ 15ರ ಜೊತೆ ಆಪಲ್ ತಂದ ‘ಮೇಲ್ ಪ್ರೈವಸಿ ಪ್ರೊಟೆಕ್ಷನ್’ ಆನ್ ಆಗಿದ್ದರೆ, ನೀವು ಮೇಲ್ ಮುಟ್ಟದಿದ್ದರೂ ಆ ಚಿತ್ರ ತಾನಾಗಿಯೇ ಡೌನ್‌ಲೋಡ್ ಆಗುತ್ತದೆ. ಚಿತ್ರಗಳನ್ನು ಬ್ಲಾಕ್ ಮಾಡಿಕೊಂಡವರು ಪೂರ್ತಿ ಓದಿದರೂ ಲೆಕ್ಕಕ್ಕೆ ಬರುವುದಿಲ್ಲ! ವಾಟ್ಸ್‌ಆ್ಯಪ್‌ನ ನೀಲಿ ಟಿಕ್ ಕೂಡ ಚಾಟ್ ತೆರೆದದ್ದನ್ನು ಹೇಳುತ್ತದೆಯೇ ಹೊರತು ಅರ್ಥವಾದದ್ದನ್ನಲ್ಲ.

ಅಂಕಿ ಕಡಿಮೆ ಬಂತೆಂದು ರಾತ್ರಿ ಹತ್ತಕ್ಕೆ ರಿಮೈಂಡರ್ ಕಳಿಸುವುದೂ ಈಗ ಸುಲಭವಲ್ಲ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಡ್ಯೂಟಿ ಮುಗಿದ ಮೇಲೆ ಬರುವ ಮೆಸೇಜನ್ನು ನೋಡದೆ ಬಿಡುವುದಕ್ಕೆ, ಹಾಗೆ ಬಿಡುವುದು ಅಸಮಂಜಸವಲ್ಲದಿದ್ದರೆ, ಕಾನೂನಿನ ರಕ್ಷಣೆಯಿದೆ. ಅಂದರೆ ಓಪನ್ ಆಗದ ಮೇಲ್ ನೌಕರರ ಅಸಡ್ಡೆಯೇ ಆಗಬೇಕಿಲ್ಲ.

ಯಂತ್ರದ ಸುರಕ್ಷತೆಯಂಥ ವಿಷಯದಲ್ಲಿ ಈ ಅಂಕಿಯನ್ನು ನಂಬುವುದು ಅಪಾಯ. ಶಿಫ್ಟ್ ಶುರುವಾಗುವ ಮುನ್ನ ಸೂಪರ್‌ವೈಸರ್ ಎರಡು ಪ್ರಶ್ನೆ ಕೇಳಿದರೆ, ಯಾರಿಗೆ ತಿಳಿದಿದೆ, ಯಾರಿಗಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.