ಆನೆಗೆ ಗೊತ್ತಿರೋದು ನಮಗೆ ಗೊತ್ತಿಲ್ವಾ?

ಕಳೆದ ನವೆಂಬರ್‌ನಲ್ಲಿ ನಾವು ಐದು ಜನ ಸಂಗಮ, ಮೇಕೆದಾಟು ನೋಡಿಕೊಂಡು ವಾಪಸ್ ಬರುವಾಗ ಉಯ್ಯಂಬಳ್ಳಿ ಕಡೆಯ ಕ್ಲಾಸ್‌ಮೇಟ್ ಒಬ್ಬನ ಮನೆಯಲ್ಲಿ ಒಂದು ರಾತ್ರಿ ಉಳಿದುಕೊಂಡಿದ್ದೆವು. ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು. ನಮ್ಮಲ್ಲಿ ಮೂವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು, "ಅನ್ನ ಇದ್ಯಾ ಆಂಟಿ?" ಅಂತ ಕೇಳಿದೆವು. ಊಟ ಮುಗಿಸಿದ ಗೆಳೆಯನ ಅಪ್ಪ ಟಾರ್ಚು, ಪಟಾಕಿ ತಗೊಂಡು ಹೊಲಕ್ಕೆ ಹೊರಟರು. ರಾಗಿ ತೆನೆ ಬಲಿತಿದೆ, ಆನೆ ಬರುತ್ತೆ, ಕಾವಲಿಗೆ ಹೋಗಬೇಕು ಅಂದರು. ಕಾವೇರಿ ವನ್ಯಧಾಮ ಹತ್ತಿರದಲ್ಲೇ ಇರೋದರಿಂದ ಆ ಕಡೆಯವರಿಗೆ ಇದು ಹೊಸದಲ್ಲ.

ಅವತ್ತು ರಾತ್ರಿ ನಮಗೆ ನಾಚಿಕೆ ಆಗಲಿಲ್ಲ. ಆಮೇಲೆ ಆಯಿತು. ಒಬ್ಬರು ನಿದ್ದೆಗೆಟ್ಟು ಕಾಯುವ, ಒಂದು ಆನೆ ಜೀವ ಪಣಕ್ಕಿಟ್ಟು ಹುಡುಕಿಕೊಂಡು ಬರುವ ಆಹಾರವನ್ನು ನಾವು ತಟ್ಟೆಯಲ್ಲಿ ಬಿಟ್ಟು ಎದ್ದಿದ್ದೆವು.

ಆನೆ ಯಾಕೆ ಬರುತ್ತೆ? ದಿನಕ್ಕೆ ಸುಮಾರು 150 ಕೆಜಿ ಮೇವು ಬೇಕು, ಕಾಡಲ್ಲಿ ಸಾಲದೆ ಬರುತ್ತೆ ಅಂತ ನಾವು ಅಂದುಕೊಂಡಿದ್ದೆವು. ಅದೂ ಒಂದು ಕಾರಣವೇ. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ರಾಮನ್ ಸುಕುಮಾರ್ 1980ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸುತ್ತಲಿನ ಕಾಡುಗಳಲ್ಲಿ ಅಧ್ಯಯನ ಮಾಡಿದಾಗ ಇನ್ನೊಂದು ವಿಷಯ ಸಿಕ್ಕಿತು. ಕಾಡಿನ ಹುಲ್ಲಿಗಿಂತ ರಾಗಿ, ಭತ್ತದಂಥ ಬೆಳೆಗಳಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಸೋಡಿಯಂ ಜಾಸ್ತಿ. ಅಂದರೆ ಆನೆಗೆ ಬೇಕಿರೋದು ಬರೀ ಹೊಟ್ಟೆ ತುಂಬಿಸೋದಲ್ಲ, ಪೋಷಕಾಂಶ ಕೂಡ.

ಇಂಜಿನಿಯರಿಂಗ್ ಓದುವ ನಾವು ಊಟವನ್ನು ಪೆಟ್ರೋಲ್ ಥರ ನೋಡ್ತೀವಿ. ಟ್ಯಾಂಕ್ ತುಂಬಿದರೆ ಗಾಡಿ ಓಡುತ್ತೆ. ಕಾರ್ಬೋಹೈಡ್ರೇಟ್, ಕೊಬ್ಬಿನ ವಿಷಯದಲ್ಲಿ ಈ ಹೋಲಿಕೆ ಹೆಚ್ಚುಕಮ್ಮಿ ಸರಿ. ಆದರೆ ಯಾವ ಗಾಡಿಯೂ ಪೆಟ್ರೋಲ್‌ನಿಂದ ತನ್ನ ಪಿಸ್ಟನ್ ತಾನೇ ಮಾಡಿಕೊಳ್ಳಲ್ಲ. ದೇಹ ಮಾಡಿಕೊಳ್ಳುತ್ತೆ. ಪ್ರೋಟೀನ್‌ನಿಂದ ಸ್ನಾಯು, ಕಿಣ್ವ. ಕ್ಯಾಲ್ಸಿಯಂ, ರಂಜಕದಿಂದ ಮೂಳೆ. ಕಬ್ಬಿಣದಿಂದ ಹಿಮೋಗ್ಲೋಬಿನ್. ಈ ಕೆಲಸಗಳಿಗೆ ಸಣ್ಣ ಪ್ರಮಾಣದಲ್ಲಾದರೂ ವಿಟಮಿನ್‌ಗಳು ಬೇಕೇ ಬೇಕು. ಇಂಧನವೂ ಊಟದಿಂದಲೇ, ಬಿಡಿಭಾಗವೂ ಊಟದಿಂದಲೇ.

ಇದನ್ನು ಕಣ್ಣಾರೆ ನೋಡಬೇಕಾದರೆ ಅದೇ ಮನೆಯ ಹುಳುಮನೆಗೆ ಹೋಗಬೇಕು. ರೇಷ್ಮೆ ಹುಳ ತಿನ್ನೋದು ಹಿಪ್ಪುನೇರಳೆ ಸೊಪ್ಪು ಮಾತ್ರ. ಸುಮಾರು 25 ದಿನದಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಆಗುತ್ತೆ. ಆಮೇಲೆ ಸೊಪ್ಪಿನ ಪ್ರೋಟೀನ್ ನೂಲಾಗಿ ಗೂಡು ಕಟ್ಟುತ್ತೆ, ಯಾಕೆಂದರೆ ರೇಷ್ಮೆ ಅನ್ನೋದೇ ಪ್ರೋಟೀನ್. ಚಾಕಿ ಹುಳಕ್ಕೆ ಎಳೆ ಸೊಪ್ಪು, ನಾಲ್ಕು ಜ್ವರ ದಾಟಿದ ದೊಡ್ಡ ಹುಳಕ್ಕೆ ಬಲಿತ ಸೊಪ್ಪು. ಸೊಪ್ಪು ಕಳಪೆಯಾದರೆ ಗೂಡು ಕಳಪೆ, ರಾಮನಗರ ಮಾರುಕಟ್ಟೆಯಲ್ಲಿ ರೇಟು ಬೀಳುತ್ತೆ. ಹಾಗಾಗಿ ಯಾವ ವಯಸ್ಸಿಗೆ ಯಾವ ಸೊಪ್ಪು ಅಂತ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹತ್ತೊಂಬತ್ತರ ವಯಸ್ಸಿಗೆ ಏನು ಬೇಕು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈ ಪ್ರಶ್ನೆ ಸುಮ್ಮನೆ ಕೇಳ್ತಿಲ್ಲ. ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಬ್ಯಾಚ್‌ನ ಒಬ್ಬಳು ಲ್ಯಾಬ್‌ನಲ್ಲಿ ತಲೆಸುತ್ತಿ ಬಿದ್ದಳು. ರಾತ್ರಿ ನಿದ್ದೆ ಆಗಿಲ್ಲ ಅಂತ ನಾವೇ ತೀರ್ಮಾನ ಮಾಡಿದ್ದೆವು. ಟೆಸ್ಟ್ ಮಾಡಿಸಿದರೆ ಹಿಮೋಗ್ಲೋಬಿನ್ 9ಕ್ಕಿಂತ ಕಡಿಮೆ. ಹೆಂಗಸರಿಗೆ 12 ಇರಬೇಕು. ತಿಂಗಳುಗಟ್ಟಲೆ ಅವಳ ಬೆಳಗಿನ ತಿಂಡಿ ಟೀ, ಬಿಸ್ಕತ್ತು. ಅವಳೊಬ್ಬಳದೇ ಕಥೆಯಲ್ಲ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಹುಡುಗರು ನಕ್ಕು ಸುಮ್ಮನಾಗೋ ಹಾಗಿಲ್ಲ. ಮೂಳೆಗಳ ಬಹುಪಾಲು ಈಗಾಗಲೇ ಕಟ್ಟಿ ಆಗಿದೆ, ಇನ್ನುಳಿದದ್ದು ಇಪ್ಪತ್ತರ ದಶಕದಲ್ಲೇ ಆಗಬೇಕು. ಆಮೇಲೆ ಇರೋದನ್ನು ಉಳಿಸಿಕೊಳ್ಳೋದಷ್ಟೇ.

ಈಗ ಲೆಕ್ಕ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 364 ಮಿಲಿಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 8 ಮಿಲಿಗ್ರಾಂ ಕೂಡ ಇಲ್ಲ. ಕಬ್ಬಿಣ ರಾಗಿಯಲ್ಲಿ 4.6, ಅಕ್ಕಿಯಲ್ಲಿ 0.65. ನಾರಿನಂಶ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ.

ಹಾಗಂತ ರಾಗಿ ಮ್ಯಾಜಿಕ್ ಅಲ್ಲ. ಅದರಲ್ಲಿ ಪ್ರೋಟೀನ್ ಅಕ್ಕಿಗಿಂತ ಜಾಸ್ತಿ ಏನಿಲ್ಲ, ಎರಡರಲ್ಲೂ 7-8 ಗ್ರಾಂ. ರಾಗಿಯ ಫೈಟೇಟ್, ಟ್ಯಾನಿನ್‌ಗಳು ಕಬ್ಬಿಣ ಪೂರ್ತಿ ರಕ್ತಕ್ಕೆ ಸೇರೋಕೆ ಬಿಡಲ್ಲ. ಗಿಡಗಳ ವಿಷಯದಲ್ಲಿ ಲೀಬಿಗ್ ಹೇಳಿದ ನಿಯಮ ಒಂದಿದೆ: ಯಾವ ಪೋಷಕಾಂಶ ಅತಿ ಕಡಿಮೆಯೋ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತೆ, ಉಳಿದದ್ದು ಎಷ್ಟೇ ಸುರಿದರೂ ಅಷ್ಟೇ. ನಮ್ಮ ಭಾಷೆಯಲ್ಲಿ ಬಾಟಲ್‌ನೆಕ್. ರಾಗಿಯಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮೆ, ಹುರುಳಿ, ಅವರೆಯಲ್ಲಿ ಅದು ಧಾರಾಳ. ನಿಂಬೆಹಣ್ಣಿನ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳೋಕೆ ಸಹಾಯ ಮಾಡುತ್ತೆ, ಊಟ ಆದ ಕೂಡಲೇ ಕುಡಿಯುವ ಟೀ ಅಡ್ಡಿ ಮಾಡುತ್ತೆ. ಆ ರಾತ್ರಿಯ ಮುದ್ದೆ, ಹುರುಳಿ ಸಾರು, ಪಕ್ಕದಲ್ಲಿದ್ದ ನಿಂಬೆ ಹೋಳು ಸೇರಿದರೆ ಒಂದು ಒಳ್ಳೆ ಡಿಸೈನ್. ಅದರಲ್ಲಿ ಇಲ್ಲದ್ದು ಬಿ12. ಅದಕ್ಕೆ ಹಾಲು, ಮೊಸರು, ಮೊಟ್ಟೆ ಬೇಕು.

"ಮುದ್ದೆ ನುಂಗೋಕೆ ಬರಲ್ಲ" ಅನ್ನೋರಿಗೆ ರಾಗಿ ರೊಟ್ಟಿ ಇದೆ, ಅಂಬಲಿ ಇದೆ. "ಪ್ರೋಟೀನ್ ಪೌಡರ್ ತಗೋತೀನಿ" ಅನ್ನೋರಿಗೆ ನಮ್ಮದೇನೂ ವಿರೋಧ ಇಲ್ಲ, ಆದರೆ ಅದರಲ್ಲಿ ಕಾಳು, ಸೊಪ್ಪಿನ ಕೆಲಸ ಆಗಲ್ಲ. ಹಾಸ್ಟೆಲ್‌ನಲ್ಲಿ ಮೂರು ಹೊತ್ತೂ ಅಕ್ಕಿ, ಮೈದಾ, ಆಲೂಗಡ್ಡೆ ತಿನ್ನಿಸಿ, ಕೊನೆಗೆ "ಹುಡುಗರಿಗೆ ಅದೇ ಇಷ್ಟ" ಅನ್ನೋದು ಮಾತ್ರ ನಮಗೆ ಒಪ್ಪಿಗೆಯಿಲ್ಲ. ನಮ್ಮನ್ನು ಕೇಳಿದವರು ಯಾರು?

ಅದಕ್ಕೇ ಮುಂದಿನ ಮೆಸ್ ಕಮಿಟಿ ಮೀಟಿಂಗ್‌ನಲ್ಲಿ ನಾವು ನಾಲ್ಕು ವಿಷಯ ಕೇಳಬೇಕು ಅಂತಿದ್ದೀವಿ. ವಾರಕ್ಕೆ ಎರಡು ದಿನ ರಾಗಿ, ಮುದ್ದೆಯೋ ರೊಟ್ಟಿಯೋ. ದಿನಾ ಒಂದು ಹೊತ್ತು ಕಾಳು ಅಥವಾ ಸೊಪ್ಪಿನ ಸಾರು, ನೀರು ಸಾಂಬಾರ್ ಅಲ್ಲ. ಊಟಕ್ಕೆ ನಿಂಬೆ ಹೋಳು. ಮೊಟ್ಟೆ ತಿನ್ನೋರಿಗೆ ಮೊಟ್ಟೆ, ಬೇಡದವರಿಗೆ ಮೊಸರು. ಟೀ ಊಟಕ್ಕೆ ಒಂದು ಗಂಟೆ ದೂರ ಇಡೋದು ನಮ್ಮ ಕೈಯಲ್ಲೇ ಇದೆ, ಅದಕ್ಕೆ ಕಮಿಟಿ ಬೇಡ.

ಸಹಿ ಹಾಕೋರು ಕನ್ನಡ ಸಂಘದ ಕೊಠಡಿಗೆ ಬನ್ನಿ. ಉಯ್ಯಂಬಳ್ಳಿ ಕಡೆಯ ಆ ಗೆಳೆಯ ಮೊದಲ ಸಹಿ ಹಾಕಿದ್ದಾನೆ. ಅವತ್ತು ಮುದ್ದೆ ಬಿಟ್ಟ ಮೂವರೂ ಹಾಕಿದ್ದೀವಿ.