ಜಗುಲಿಯಿಲ್ಲದ ಮನೆ

ಕಳೆದ ಆಷಾಢದ ಒಂದು ಮಧ್ಯಾಹ್ನ ನನಗೆ ಗೊತ್ತಿಲ್ಲದ ನಂಬರುಗಳಿಂದ ಮೂರು ಕರೆ ಬಂದವು. ಮೊದಲನೆಯದು, ಸಾಲ ಬೇಕೇ ಎಂದು ಕೇಳಲು. ಎರಡನೆಯದು ದೇವನಹಳ್ಳಿ ಕಡೆ ಸೈಟು ಮಾರುವವರದು. ಎರಡಕ್ಕೂ ಬೇಡ ಎಂದು ಹೇಳಿ ಇಟ್ಟೆ. ಮೂರನೆಯದು ಬಂದಾಗ ಸಿಟ್ಟು ನೆತ್ತಿಗೇರಿತ್ತು, ಎತ್ತದೆ ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಸಂಜೆ ಆರಕ್ಕೆ ತಂಗಿ ಫೋನು ಮಾಡಿದಾಗ ಗೊತ್ತಾಯಿತು: ಆ ಮೂರನೆಯ ಕರೆ ನಮ್ಮೂರಿನ ಪಕ್ಕದ ಮನೆಯ ಹುಡುಗನದು. ಅಮ್ಮ ಹಿತ್ತಲಿನ ಪಾಚಿಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಹುಡುಗ ತನ್ನ ಫೋನಿನಲ್ಲಿ ಕರೆನ್ಸಿ ಇಲ್ಲದೆ ಅಂಗಡಿಯವರ ಫೋನಿನಿಂದ ನನಗೆ ಹೇಳಲು ಹೆಣಗಿದ್ದ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ.

ಅಮ್ಮನ ಕೈ ಈಗ ಸರಿಹೋಗಿದೆ. ನನ್ನ ಸಿಟ್ಟು ಸರಿಹೋಗಿಲ್ಲ. ಈ ಕರೆಗಳು ನಮ್ಮ ಸಮಯ ತಿನ್ನುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ ಇದೆ. ಫೋನು ರಿಂಗಾದರೆ ಯಾರಿಗೋ ನನ್ನಿಂದ ಏನೋ ಬೇಕಾಗಿದೆ ಎಂಬ ನಂಬಿಕೆಯೊಂದಿತ್ತು. ಅದನ್ನು ಕಿತ್ತುಕೊಂಡಿದ್ದಾರೆ.

ನಿಮ್ಮಲ್ಲಿ ಹಲವರು, ಅದರಲ್ಲೂ ಓದುತ್ತಿರುವವರು, ನಗಬಹುದು. ಗೊತ್ತಿಲ್ಲದ ನಂಬರನ್ನು ಈಗ ಎತ್ತುವವರು ಯಾರು ಸರ್, ಸೈಲೆಂಟಿಗೆ ಹಾಕಿ ಮಲಗಿ ಎನ್ನಬಹುದು. ಹಾಗೆ ಮಲಗುವ ಭಾಗ್ಯ ಎಲ್ಲರಿಗೂ ಇಲ್ಲ. ಸಂದರ್ಶನಕ್ಕೆ ಕರೆ ಬರಬಹುದೆಂದು ಕಾಯುತ್ತಿರುವ ಪದವೀಧರೆ ಎತ್ತಲೇಬೇಕು. ಐಸಿಯು ಹೊರಗೆ ಕೂತ ಮಗ ಎತ್ತಲೇಬೇಕು. ನಲ್ಲಿ ರಿಪೇರಿಯವನಿಗೆ, ಆಟೋ ಓಡಿಸುವವನಿಗೆ, ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸಿಗೆ ಗೊತ್ತಿಲ್ಲದ ನಂಬರೇ ಅನ್ನ. ಎತ್ತಬೇಡಿ ಎಂಬ ಬುದ್ಧಿವಾದ, ಬೀದಿಯಲ್ಲಿ ಕಳ್ಳರಿದ್ದಾರೆ, ಮನೆಯಿಂದ ಹೊರಬರಬೇಡಿ ಎಂದಂತೆ.

ನಾನು ಬೆಳೆದ ಮನೆಗೆ ಜಗುಲಿ ಇತ್ತು. ಬಳೆಗಾರ, ಪಾತ್ರೆ ಮಾರುವವನು, ಕಣಿ ಹೇಳುವವಳು, ಯಾರೇ ಬಂದರೂ ಅಲ್ಲಿ ನಿಂತು ಕೂಗಬೇಕು. ಅಮ್ಮ ಕೆಲಸ ಬಿಡುವಾದರೆ ಬರುತ್ತಿದ್ದರು, ಇಲ್ಲವಾದರೆ ಒಳಗಿನಿಂದಲೇ ಮುಂದೆ ಹೋಗಪ್ಪ ಎನ್ನುತ್ತಿದ್ದರು. ಬಂದವನಿಗೆ ಬೇಸರವಾಗುತ್ತಿರಲಿಲ್ಲ, ಅಮ್ಮನಿಗೆ ಅಳುಕಿರಲಿಲ್ಲ. ಹೊಸ್ತಿಲು ಯಾರದು ಎಂಬುದು ಇಬ್ಬರಿಗೂ ಗೊತ್ತಿತ್ತು. ಫೋನಿಗೆ ಜಗುಲಿ ಇಲ್ಲ. ಸೈಟು ಮಾರುವವನು ನೇರ ನಡುಮನೆಗೆ ಬರುತ್ತಾನೆ, ಅಡುಗೆಮನೆಗೆ, ಹಾಸಿಗೆಯ ಪಕ್ಕಕ್ಕೆ, ಸೂತಕದ ಮನೆಗೂ ಬರುತ್ತಾನೆ. ಬಂದು, ನೀನೇ ಎದ್ದು ಬಂದು ನನ್ನನ್ನು ಹೊರಗೆ ಕಳಿಸು ಎನ್ನುತ್ತಾನೆ.

ಇದನ್ನು ಬರೀ ಕಿರಿಕಿರಿ ಎನ್ನಲು ನಾನು ಒಪ್ಪುವುದಿಲ್ಲ. ಇದು ಹಕ್ಕಿನ ಪ್ರಶ್ನೆ. ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬಾತನ ಮೇಲೆ ದರೋಡೆಯ ಆರೋಪವಿತ್ತು, ಸಾಕ್ಷಿಯಿಲ್ಲದೆ ಬಿಡುಗಡೆಯಾಗಿದ್ದ. ಆದರೂ ಪೊಲೀಸರು ಅವನನ್ನು ನಿಗಾದಲ್ಲಿಟ್ಟು, ರಾತ್ರಿ ಹೊತ್ತು ಮನೆಯ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟು ಆ ರಾತ್ರಿ ಭೇಟಿಯ ನಿಯಮವನ್ನು ರದ್ದು ಮಾಡಿತು. ಅದೇ ತೀರ್ಪಿನಲ್ಲಿ ಬಹುಮತದ ನ್ಯಾಯಮೂರ್ತಿಗಳು, ಖಾಸಗಿತನವೆಂಬ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲ ಎಂದೂ ಹೇಳಿದರು. ಆ ಮಾತು ಬಿದ್ದುಹೋಗಲು ಸುಮಾರು 55 ವರ್ಷ ಬೇಕಾಯಿತು. ಬೀಳಿಸಿದ ಮೊಕದ್ದಮೆ ನಮ್ಮ ನಾಡಿನ ಹಿರಿಯರೊಬ್ಬರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಷಯದಲ್ಲಿ 2012ರಲ್ಲಿ ಹಾಕಿದ ಅರ್ಜಿಯಿಂದಾಗಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಪೊಲೀಸರ ಬಡಿತವೂ ಸಾಲದ ಕರೆಯೂ ಒಂದೇ ಎಂದು ನಾನು ವಾದಿಸುತ್ತಿಲ್ಲ. ಒಂದರ ಹಿಂದೆ ಲಾಠಿ ಇದೆ, ಇನ್ನೊಂದರ ಹಿಂದೆ ಬರೀ ಲಾಭ. ಆದರೆ ಮನೆಯೊಳಗಿನ ನಿದ್ದೆ, ಊಟ, ಮೌನ ಅಲ್ಲಿರುವವರ ಸ್ವತ್ತು ಎಂಬ ತತ್ವ ಒಂದೇ. ಸರಕಾರವೇ ದಾಟಬಾರದ ಹೊಸ್ತಿಲನ್ನು ಸೈಟಿನ ದಲ್ಲಾಳಿ ದಿನಕ್ಕೆ ಐದು ಸಲ ದಾಟಬಹುದೇ?

ಕಾಯಿದೆಗಳಿಲ್ಲವೇ ಎಂದರೆ, ಇವೆ. ಕರೆ ಬೇಡವೆನ್ನುವವರ ರಾಷ್ಟ್ರೀಯ ಪಟ್ಟಿ 2007ರಲ್ಲೇ ಬಂತು. ಟ್ರಾಯ್ 2010ರಲ್ಲಿ ಹೊಸ ನಿಯಮ ತಂದಿತು, 2018ರಲ್ಲಿ ಇನ್ನೊಂದು, 2025ರಲ್ಲಿ ಅದಕ್ಕೆ ತಿದ್ದುಪಡಿ. ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ನಂಬರು ಕೊಟ್ಟಿದ್ದಾರೆ. ನನಗೆ ಬರುವ ಕರೆಗಳೆಲ್ಲ ಸಾಮಾನ್ಯ ಹತ್ತು ಅಂಕಿಯ ನಂಬರಿನವು. 1909ಕ್ಕೆ ಸಂದೇಶ ಕಳಿಸಿ ನೋಂದಾಯಿಸಿದ್ದೇನೆ. ದೂರು ಕೊಡಲು ಮೊದಲು ಮೂರು ದಿನದ ಗಡುವಿತ್ತು, ಈಗ ಏಳು ದಿನ. ಕೊಟ್ಟಿದ್ದೇನೆ. ಒಂದು ನಂಬರು ನಿಂತರೆ ಮರುದಿನ ಅದೇ ಸೈಟು ಇನ್ನೊಂದು ನಂಬರಿನಿಂದ ಬರುತ್ತದೆ.

ತಪ್ಪು ಕಾಯಿದೆಯ ಜಾರಿಯಲ್ಲಿ ಮಾತ್ರವಲ್ಲ, ಅದರ ಬುಡದಲ್ಲೇ ಇದೆ. ಬೇಡ ಎನ್ನುವುದು ನನ್ನ ಕೆಲಸವಾಗಿದೆ. ಪಟ್ಟಿಗೆ ಸೇರುವುದು ನಾನು, ಕರೆಯ ತಾರೀಕು ಬರೆದಿಡುವುದು ನಾನು, ದೂರು ಕೊಡುವುದು ನಾನು. ನನ್ನ ಮನೆಗೆ ಬರಲು ಅವರೇಕೆ ಮೊದಲು ಅಪ್ಪಣೆ ಕೇಳಬಾರದು? ಪಟ್ಟಿ ಇರಬೇಕಾದ್ದು ಬೇಕು ಎಂದವರದು. ಅದರಲ್ಲಿ ಹೆಸರಿಲ್ಲದವರೆಲ್ಲ ಬೇಡ ಎಂದವರೇ ಎಂದು ತಿಳಿಯಬೇಕು.

ಒಪ್ಪಿಗೆ ಎಂಬ ಪದವೂ ಎಷ್ಟು ಕೆಟ್ಟಿದೆ ನೋಡಿ. ಒಮ್ಮೆ ಅಮ್ಮನಿಗೆ ಹಿಂದಿಯಲ್ಲಿ ಒಂದು ಕರೆ ಬಂತು. ಅಮ್ಮನಿಗೆ ಹಿಂದಿ ಬಾರದು. ಎದುರಿನವರು ಮಾತಾಡುತ್ತಿದ್ದರೆ ಸುಮ್ಮನಿರುವುದು ಮರ್ಯಾದೆಯಲ್ಲ ಎಂದು ನಮ್ಮ ಕಡೆಯವರಂತೆ ಹಾಂ, ಹಾಂ ಎನ್ನುತ್ತಾ ಕೇಳಿದರು. ನಮ್ಮ ಹಾಂ ಎಂದರೆ ಕೇಳಿಸುತ್ತಿದೆ ಎಂದರ್ಥ. ಅವರ ಹಾಂ ಎಂದರೆ ಒಪ್ಪಿಗೆ. ಮರುದಿನದಿಂದ ಅಮ್ಮ ಕೇಳದ ಯಾವುದೋ ಹಾಡಿನ ಸೇವೆಗೆ ಅವರ ಕರೆನ್ಸಿಯಿಂದ ದುಡ್ಡು ಕತ್ತರಿಸತೊಡಗಿತು. ನಾನು ವಿಚಾರಿಸಿದಾಗ, ನಿಮ್ಮ ತಾಯಿಯೇ ಒಪ್ಪಿದ್ದಾರೆ ಎಂಬ ಉತ್ತರ. ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಸ್ಪಷ್ಟವಾಗಿರಬೇಕು ಎಂದು 2023ರ ದತ್ತಾಂಶ ರಕ್ಷಣೆ ಕಾಯಿದೆ ಹೇಳುತ್ತದೆ. ಅಮ್ಮನ ಸೌಜನ್ಯವನ್ನೇ ಸಹಿ ಮಾಡಿಕೊಂಡವರಿಗೆ ಆ ಸಾಲನ್ನು ಓದಿ ಹೇಳುವವರು ಯಾರು?

ನಂಬರು ಅವರಿಗೆ ಸಿಗುವುದಾದರೂ ಹೇಗೆ? ಬಟ್ಟೆ ಅಂಗಡಿಯ ಬಿಲ್ ಕೌಂಟರಿನಲ್ಲಿ ಕೇಳಿದರೆ ಕೊಟ್ಟಿದ್ದೇವೆ. ವಸ್ತುಪ್ರದರ್ಶನದ ಲಕ್ಕಿ ಡ್ರಾ ಚೀಟಿಯಲ್ಲಿ, ಅಪಾರ್ಟ್‌ಮೆಂಟಿನ ಗೇಟಿನ ಪುಸ್ತಕದಲ್ಲಿ ನಾವೇ ಬರೆದಿದ್ದೇವೆ. ಬಿಲ್ಲಿಗಾಗಿ ಮೊಬೈಲ್ ನಂಬರನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. ನಂಬರಿಲ್ಲದೆ ಬಿಲ್ ಕೊಡಿ ಎಂದು ಒಮ್ಮೆ ಕೇಳಿ ನೋಡಿ. ಹಿಂದೆ ಸಾಲಿನಲ್ಲಿ ನಿಂತವರೇ ನಿಮ್ಮನ್ನು ತಕರಾರಿನವರೆಂದು ನೋಡುತ್ತಾರೆ. ನನ್ನನ್ನು ನೋಡಿದ್ದಾರೆ.

ಕರೆ ಮಾಡುವ ಹುಡುಗಿಯ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ಮೊದಲು ಇತ್ತು. ಒಂದು ದಿನ ಗದರಿದಾಗ ಆಕೆ ಅಪ್ಪಟ ಹಾಸನದ ಕನ್ನಡದಲ್ಲಿ, ಸಾರಿ ಸರ್, ಇವತ್ತಿನ ಟಾರ್ಗೆಟ್ ಮುಗಿದಿಲ್ಲ ಎಂದಳು. ಪದವಿ ಮುಗಿಸಿ ಬೆಂಗಳೂರಿಗೆ ಬಂದ ಯಾರದೋ ಮಗಳು. ದಿನವಿಡೀ ಬೈಸಿಕೊಳ್ಳುವುದಕ್ಕೇ ಅವಳಿಗೆ ಸಂಬಳ. ನನ್ನ ಮನೆಗೂ ಅವಳ ಮಾನಕ್ಕೂ ಬೆಲೆ ಕಟ್ಟಿದವರು ಒಬ್ಬರೇ, ಮತ್ತು ಅವರು ಎಂದೂ ಫೋನು ಮಾಡುವುದಿಲ್ಲ. ದಂಡ ಬೀಳಬೇಕಾದ್ದು ಅವಳ ಕೈಲಿರುವ ನಂಬರಿಗಲ್ಲ, ಯಾರ ಸೈಟು, ಯಾರ ಸಾಲ ಮಾರಲು ಆ ಕರೆ ಬಂತೋ ಅವರಿಗೆ. ಸರಕು ಯಾರದೆಂಬುದು ಕರೆಯ ಮೊದಲ ವಾಕ್ಯದಲ್ಲೇ ಇರುತ್ತದೆ, ಹುಡುಕುವ ಕಷ್ಟವಿಲ್ಲ.

ಸಾಲ ವಸೂಲಿಯ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗೆ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿತು. ಒಳ್ಳೆಯ ಮಾತು. ಬಾಕಿ ಉಳಿಸಿಕೊಂಡವನ ಮನೆಗೂ ಮರ್ಯಾದೆ ಇದೆ ಎಂದು ಅದರ ಅರ್ಥ. ಯಾರಿಗೂ ಏನೂ ಬಾಕಿಯಿಲ್ಲದ ನನ್ನ ಅಮ್ಮನ ಮನೆಗೂ ಅಷ್ಟು ಮರ್ಯಾದೆ ಬೇಡವೇ?

ಆ ಹುಡುಗನ ನಂಬರನ್ನೂ ಅಂಗಡಿಯವರ ನಂಬರನ್ನೂ ಈಗ ಹೆಸರು ಹಾಕಿ ಉಳಿಸಿಕೊಂಡಿದ್ದೇನೆ. ಮುಂದಿನ ಸಲ ಅಮ್ಮನಿಗೆ ಏನಾದರೂ ಆದರೆ ಯಾರ ಫೋನಿನಿಂದ ಸುದ್ದಿ ಬರುತ್ತದೋ ಗೊತ್ತಿಲ್ಲ. ಆದ್ದರಿಂದ ಎಲ್ಲ ಕರೆಗಳನ್ನೂ ಎತ್ತುತ್ತೇನೆ. ಈ ಪ್ರಬಂಧ ಬರೆಯುವಾಗ ಎರಡು ಸಲ ಎದ್ದೆ. ಎರಡೂ ಸಾಲದವು.